ಕಡಲತಡಿಯಿಂದ ಕುದುರೆಮುಖಕ್ಕೆ: ಫಿಲ್ಮ್ ಕ್ಯಾಮರಾ ಒಯ್ಯುವವರಿಗೆ

ಪಣಂಬೂರಿನ ಕಡಲತಡಿಗೂ 1,894 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಒಂದು ಪಾರ್ಶ್ವದಿಂದ ಕುದುರೆಯ ಮೋರೆಯಂತೆ ಕಾಣುವುದರಿಂದಲೇ ಆ ಬೆಟ್ಟಕ್ಕೆ ಈ ಹೆಸರು ಬಂದಿದೆ. ಗಣಿಗಾರಿಕೆಯ ಕಾಲದಲ್ಲಿ ಅಲ್ಲಿಯ ಕಬ್ಬಿಣದ ಅದಿರು ನೀರಿನೊಡನೆ ಕಲಸಿದ ರಾಡಿಯಾಗಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. 2005ರ ಕೊನೆಗೆ ಆ ಗಣಿ ನಿಂತಿತು. ಈಗ ಅರಣ್ಯ ಇಲಾಖೆಯ ಅನುಮತಿ ಪಡೆದು ಏರಿ ಇಳಿಯುವವರು ಚಾರಣಿಗರು. ಅವರಲ್ಲಿ ಕೆಲವರ ಹೆಗಲಿನಲ್ಲಿ ಫಿಲ್ಮ್ ಕ್ಯಾಮರಾ ಇರುವುದೂ ಉಂಟು.

35 ಮಿ.ಮೀ. ಫಿಲ್ಮಿನ ದೊಡ್ಡ ಸುರುಳಿಯೊಂದರಲ್ಲಿ ದೊರೆಯುವುದು 36 ಚಿತ್ರಗಳು. ತೆಗೆದುದನ್ನು ಅಲ್ಲಿಯೇ ನೋಡುವಂತಿಲ್ಲ. ಅನೇಕರನ್ನು ವಂಚಿಸುವ ತಪ್ಪು ಬೆಟ್ಟದಲ್ಲಲ್ಲ, ಹೊರಡುವ ಮುನ್ನ ಮನೆಯಲ್ಲಿಯೇ ನಡೆದುಹೋಗಿರುತ್ತದೆ. ಫಿಲ್ಮಿನ ತುದಿ ಎದುರಿನ ಉರುಳೆಗೆ ಸಿಕ್ಕಿಕೊಳ್ಳದಿದ್ದರೂ ಎಣಿಕೆಯ ಸೂಚಿ ಒಂದು, ಎರಡು, ಮೂರು ಎಂದು ಪ್ರಾಮಾಣಿಕನಂತೆ ಮುಂದುವರಿಯುತ್ತದೆ. ಶಿಖರ ಮುಟ್ಟಿ ಬಂದು ತೊಳೆಸಿದರೆ ಸುರುಳಿ ಬರಿದು! ಇದಕ್ಕೆ ಪರೀಕ್ಷೆ ಸುಲಭ. ಕೈಯಿಂದ ಸುತ್ತುವ ಕ್ಯಾಮರಾಗಳಲ್ಲಿ, ಫಿಲ್ಮಿನ ಸಡಿಲನ್ನು ಮೊದಲು ಬಿಗಿಗೊಳಿಸಿ, ಮುಂದೂಡುವ ಸನ್ನೆಯನ್ನು ಎಳೆದಾಗ ಎಡಬದಿಯ ಗುಬ್ಬಿಯೂ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲವೆಂದೇ ತಿಳಿಯತಕ್ಕದ್ದು.

ಮೇಲೆ ಹೋದಂತೆ ಮಂಜು ಕವಿಯುತ್ತದೆ. ಬೆಳಕಿನ ಮಾಪಕವು ಎದುರಿನ ದೃಶ್ಯವೆಲ್ಲ ನಡುಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುವ ಉಪಕರಣ. ಬೆಳ್ಳನೆಯ ಮಂಜನ್ನೂ ಅದು ಬೂದಿಗೆ ಇಳಿಸಿಬಿಡುತ್ತದೆ. ಆದಕಾರಣ ಮಾಪಕ ಹೇಳಿದುದಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ನೆಗೆಟಿವ್ ಫಿಲ್ಮ್ ಈ ಔದಾರ್ಯವನ್ನು ಸುಲಭವಾಗಿ ಸಹಿಸುತ್ತದೆ. ಸ್ಲೈಡ್ ಫಿಲ್ಮಿನಲ್ಲಿ ಕೈ ಬಿಗಿಹಿಡಿಯುವುದು ಒಳಿತು. ಬ್ಯಾಟರಿ ಕೈಕೊಟ್ಟರೂ ಗಾಬರಿ ಬೇಡ: ಚೆನ್ನಾದ ಬಿಸಿಲಿನಲ್ಲಿ 100 ವೇಗದ ಫಿಲ್ಮಿಗೆ ಎಫ್ 16, ಸೆಕೆಂಡಿನ 125ನೇ ಒಂದು ಭಾಗ ಎಂಬ ಹಳೆಯ ಲೆಕ್ಕ ಸಾಲುತ್ತದೆ. ಕಪ್ಪು-ಬಿಳುಪಿನಲ್ಲಿ ಹಳದಿ ಫಿಲ್ಟರ್ ನೀಲಿ ಆಕಾಶವನ್ನು ಕಪ್ಪಾಗಿಸಿ ಮೋಡಗಳನ್ನು ಎತ್ತಿ ತೋರಿಸುತ್ತದೆ.

ನಿಜವಾದ ಅಪಾಯವಿರುವುದು ಏರುವಾಗಲ್ಲ, ಇಳಿದ ಮೇಲೆ. ಬೆಟ್ಟದ ಚಳಿಯಲ್ಲಿ ತಣ್ಣಗಾದ ಕ್ಯಾಮರಾವನ್ನು ಕರಾವಳಿಯ ಬೆಚ್ಚಗಿನ, ತೇವ ತುಂಬಿದ ಗಾಳಿಗೆ ಒಮ್ಮೆಲೆ ಒಡ್ಡಿದರೆ, ತಂಬಿಗೆಯ ತಣ್ಣೀರಿನ ಹೊರಮೈ ಬೆವರುವಂತೆ ಮಸೂರದ ಮೇಲೂ ಒಳಗೂ ಹನಿ ಕೂಡುತ್ತದೆ. ಆ ತೇವ ಉಳಿದಲ್ಲಿ ಬೂಷ್ಟು ಬೆಳೆದು, ಜೇಡನ ಬಲೆಯಂತೆ ಹಬ್ಬಿ, ಗಾಜಿನ ಲೇಪವನ್ನೇ ಕೊರೆಯುತ್ತದೆ. ಒರೆಸಿದರೂ ಆ ಗುರುತು ಹೋಗದು. ಪಣಂಬೂರಿನಂತಹ ಊರಿನಲ್ಲಿ ಎಷ್ಟೋ ಒಳ್ಳೆಯ ಮಸೂರಗಳು ಹಾಳಾಗುವುದು ಬಿದ್ದು ಒಡೆದಲ್ಲ, ಕಪಾಟಿನೊಳಗೆ ಕುಳಿತೇ. ಆದುದರಿಂದ ಮೇಲಿರುವಾಗಲೇ ಕ್ಯಾಮರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಕಟ್ಟಿ, ಮನೆ ಸೇರಿದ ಮೇಲೆ ಅದು ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಒಂದೆರಡು ತಾಸು ಬಿಟ್ಟು, ಆಮೇಲೆಯೇ ಚೀಲದ ಬಾಯಿ ಬಿಚ್ಚಬೇಕು.