ಮಾತ್ರೆ ಬಿಡುವ ಮುನ್ನ ವೈದ್ಯರಿಗೆ ತೋರಿಸಿ



ನನ್ನದೇ ಒಂದು ತಪ್ಪನ್ನು ಹೇಳಿಕೊಂಡು ಈ ಪಾಠವನ್ನು ಆರಂಭಿಸುತ್ತೇನೆ. ನಾನು ಗುರುದೀಕ್ಷೆ ಪಡೆದು ಕೆಲವೇ ವರ್ಷಗಳಾಗಿದ್ದವು. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಎರಡು ಮಕ್ಕಳ ತಾಯಿಯೊಬ್ಬರು ನನ್ನನ್ನು ಕಾಣಲು ಬಂದರು. ಖಿನ್ನತೆಗಾಗಿ ನಾಲ್ಕು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಆ ವಾರವಷ್ಟೇ ಒಂದು ಧ್ಯಾನಕೂಟ ಮುಗಿಸಿ ಬಂದಿದ್ದರು. ಮುಖದಲ್ಲಿ ಗೆಲುವಿತ್ತು. “ಸ್ವಾಮಿ, ದೇವರು ನನ್ನನ್ನು ಗುಣಪಡಿಸಿದ್ದಾರೆ. ಇನ್ನು ಮಾತ್ರೆ ಯಾಕೆ, ಅಲ್ಲವೇ?” ಎಂದರು. “ನಿಮ್ಮ ವಿಶ್ವಾಸ ದೊಡ್ಡದಮ್ಮ” ಎಂದು ಹೇಳಿ, ಆಶೀರ್ವದಿಸಿ ಕಳುಹಿಸಿಬಿಟ್ಟೆ.

ನಾನು ಮಾತ್ರೆ ಬಿಡಿ ಎನ್ನಲಿಲ್ಲ, ಬಿಡಬೇಡಿ ಎಂದೂ ಹೇಳಲಿಲ್ಲ. ನನ್ನ ಮೌನವನ್ನೇ ಅವರು ಒಪ್ಪಿಗೆ ಎಂದುಕೊಂಡರು. ಅಂದಿನಿಂದಲೇ ಮಾತ್ರೆ ನಿಲ್ಲಿಸಿದರು. ನಾಲ್ಕೈದು ದಿನಗಳಲ್ಲಿ ತಲೆ ಸುತ್ತು, ನಿದ್ರೆ ಇಲ್ಲ, ಕಾರಣವಿಲ್ಲದೆ ಸಿಡುಕು. ಎರಡು ತಿಂಗಳು ಕಳೆಯುವಷ್ಟರಲ್ಲಿ ಹಳೆಯ ಕತ್ತಲೆ ಮರಳಿತು. ಮನೆಯವರು ಹಗಲೂ ರಾತ್ರಿ ಅವರ ಮೇಲೆ ಕಣ್ಣಿಟ್ಟು ಕಾಯಬೇಕಾಯಿತು. ಆಗ ಅವರ ವೈದ್ಯರು ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಫಾದರ್, ‘ಡಾಕ್ಟರಿಗೆ ತೋರಿಸಿದಿರಾ?’ ಅಂತ ಒಂದೇ ಒಂದು ಮಾತು ನೀವು ಕೇಳಿದ್ದರೆ ಸಾಕಿತ್ತು.”

ಆ ಒಂದು ಮಾತನ್ನು ಇಂದು ನಿಮ್ಮೆಲ್ಲರಿಗೂ ಹೇಳಲು ಬಯಸುತ್ತೇನೆ.

ಇದು ವಿಶ್ವಾಸದ ಕೊರತೆಯೇ?

ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಂಡರೆ ಯಾರೂ ನಮ್ಮ ವಿಶ್ವಾಸವನ್ನು ಪ್ರಶ್ನಿಸುವುದಿಲ್ಲ. ಖಿನ್ನತೆಗೆ ತೆಗೆದುಕೊಂಡರೆ ಮಾತ್ರ “ಪ್ರಾರ್ಥನೆ ಸಾಲದು” ಎನ್ನುತ್ತೇವೆ. ಇದು ನ್ಯಾಯವಲ್ಲ. ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಓದಿ ನೋಡಿ. ಮಹಾಪ್ರವಾದಿ ಎಲೀಯನೇ ಸಾವನ್ನು ಬೇಡಿಕೊಂಡು ಗಿಡದ ಕೆಳಗೆ ಮಲಗಿಬಿಟ್ಟನು. ದೇವದೂತನು ಅವನನ್ನು ಗದರಿಸಲಿಲ್ಲ, ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ಮೊದಲು ದೇಹದ ಆರೈಕೆ, ಆಮೇಲೆ ಮುಂದಿನ ಪಯಣ. ಔಷಧವನ್ನು ಭೂಮಿಯಿಂದ ಉಂಟುಮಾಡಿದವನು ದೇವರೇ, ವಿವೇಕಿಯು ಅದನ್ನು ತಿರಸ್ಕರಿಸುವುದಿಲ್ಲ ಎಂಬುದು ಸಿರಾಖನ ಗ್ರಂಥದ 38ನೆಯ ಅಧ್ಯಾಯದ ಬೋಧನೆ.

ಹಾಗೆಂದು ಪ್ರತಿಯೊಂದು ದುಃಖಕ್ಕೂ ಮಾತ್ರೆ ಬೇಕಿಲ್ಲ. ಸಾವಿನ ಮನೆಯ ಅಳು ಕಾಯಿಲೆಯಲ್ಲ. ಅಲ್ಪ ಪ್ರಮಾಣದ ಖಿನ್ನತೆಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಯಾರಿಗೆ ಮಾತ್ರೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರು ಪರೀಕ್ಷಿಸಿ ನಿರ್ಧರಿಸಬೇಕು. ಗುರುಗಳಾಗಲಿ, ನೆರೆಮನೆಯವರಾಗಲಿ ಅಲ್ಲ.

ತಾಳ್ಮೆ ಬೇಕಾದ ಔಷಧ

ಇಂದು ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್ ಎಂಬ ಗುಂಪಿನ ಮಾತ್ರೆಗಳನ್ನು. ತಲೆನೋವಿನ ಮಾತ್ರೆಯಂತೆ ಇವು ಒಂದು ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಪೂರ್ಣ ಪ್ರಯೋಜನಕ್ಕೆ 6ರಿಂದ 8 ವಾರವೂ ಆಗಬಹುದು. ಆದರೆ ವಾಕರಿಕೆ, ತಲೆನೋವು, ಹೊಟ್ಟೆಯ ತೊಂದರೆ, ನಿದ್ರೆಯ ಏರುಪೇರು ಮೊದಲ ವಾರದಲ್ಲೇ ಬರುತ್ತವೆ. ತೊಂದರೆ ಮೊದಲು, ಗುಣ ಆಮೇಲೆ! ಅನೇಕರು ಮಾತ್ರೆ ಬಿಟ್ಟುಬಿಡುವುದು ಇಲ್ಲಿಯೇ. ಈ ತೊಂದರೆಗಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತವೆ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಈ ಮಾತ್ರೆಗಳಿಂದ ಕೆಲವರಿಗೆ ದಾಂಪತ್ಯ ಸಂಬಂಧದಲ್ಲಿ ಆಸಕ್ತಿ ಕುಗ್ಗುತ್ತದೆ. ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವವರಿದ್ದಾರೆ. ಗಂಡ ಹೆಂಡತಿ ಪರಸ್ಪರ ಮಾತನಾಡಿ, ವೈದ್ಯರಿಗೂ ತಿಳಿಸಿ. ಅವರು ಪ್ರಮಾಣವನ್ನೋ ಔಷಧವನ್ನೋ ಬದಲಿಸಬಲ್ಲರು.

ನೆನಪಿಡಬೇಕಾದ ಅಂಶಗಳು

1. ಬೇರೆಯವರ ಮಾತ್ರೆ ಬೇಡ. ಪಟ್ಟಿಯ ಮೇಲಿನ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದೆಂಬ ಎಚ್ಚರಿಕೆ. ಅಕ್ಕನಿಗೆ ಹಿಡಿಸಿದ್ದು ತಂಗಿಗೆ ಹಿಡಿಸಬೇಕೆಂದಿಲ್ಲ.

2. ಎಲ್ಲ ಔಷಧಗಳನ್ನೂ ಹೇಳಿ. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಔಷಧಗಳು ಈ ಮಾತ್ರೆಗಳ ಜೊತೆ ಸೇರಿದರೆ ಅಪಾಯ. ನಡುಕ, ಅತಿಯಾದ ಬೆವರು, ಜ್ವರ, ಎದೆಬಡಿತ, ಗೊಂದಲ ಒಟ್ಟಿಗೆ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಸ್ಪಿರಿನ್, ಐಬುಪ್ರೊಫೆನ್ ಮತ್ತು ರಕ್ತ ತೆಳುವಾಗಿಸುವ ಔಷಧಗಳ ಜೊತೆ ರಕ್ತಸ್ರಾವದ ಸಂಭವ ಹೆಚ್ಚು. ನಾಟಿ ಔಷಧವಿದ್ದರೆ ಅದನ್ನೂ ಮುಚ್ಚಿಡಬೇಡಿ. ಮದ್ಯ ದೂರವಿರಲಿ.

3. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬೇಡಿ.

4. ಹಿಂದೆ ಎಂದಾದರೂ ಅತಿಯಾದ ಉತ್ಸಾಹ, ನಿದ್ರೆಯೇ ಬೇಡವೆನಿಸುವ ಸ್ಥಿತಿ ಬಂದಿದ್ದರೆ, ಅಥವಾ ಮನೆತನದಲ್ಲಿ ಅಂಥವರಿದ್ದರೆ, ಮೊದಲೇ ತಿಳಿಸಿ. ಅಂಥವರಿಗೆ ಈ ಮಾತ್ರೆ ಮಾತ್ರವೇ ಕೊಟ್ಟರೆ ಆ ಸ್ಥಿತಿ ಕೆರಳಬಹುದು.

5. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಹೆದರಿ ತಾವಾಗಿಯೇ ನಿಲ್ಲಿಸಬಾರದು. ಚಿಕಿತ್ಸೆಯಿಲ್ಲದ ಖಿನ್ನತೆಯೂ ತಾಯಿ ಮಗುವಿಗೆ ಅಪಾಯವೇ.

6. ಉಪವಾಸದ ನೆಪದಲ್ಲಿ ಮಾತ್ರೆ ತಪ್ಪಿಸಬೇಡಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿಯ ಪ್ರಕಾರ, ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸಕ್ಕೆ ನೀರೂ ಔಷಧವೂ ಭಂಗ ತರುವುದಿಲ್ಲ. ರೋಗಿಗಳು ಆ ಗಂಟೆಯೊಳಗೆ ಏನನ್ನಾದರೂ ಸೇವಿಸಿದ್ದರೂ ಪರಮಪ್ರಸಾದ ಪಡೆಯಬಹುದು.

ನಿಲ್ಲಿಸುವುದು ಯಾವಾಗ, ಹೇಗೆ?

“ಒಮ್ಮೆ ಹಿಡಿದರೆ ಜೀವನವಿಡೀ ಬಿಡಲಾಗದು” ಎಂಬ ಭಯ ನಮ್ಮಲ್ಲಿದೆ. ಚಟ ಹತ್ತಿಸಬಲ್ಲವು ಆಲ್ಪ್ರಜೋಲಾಮ್, ಕ್ಲೋನಜಿಪಾಮ್‌ನಂಥ ಮಾತ್ರೆಗಳು. ಆತಂಕಕ್ಕೂ ನಿದ್ರೆಗೂ ಅವನ್ನು ಕೆಲಕಾಲ ಜೊತೆಯಲ್ಲಿ ಕೊಡುವುದುಂಟು. ಆದ್ದರಿಂದಲೇ ಈ ಗೊಂದಲ. ನಿಮ್ಮ ಪಟ್ಟಿಯಲ್ಲಿ ಯಾವುದು ಯಾವುದು ಎಂದು ವೈದ್ಯರನ್ನೇ ಕೇಳಿ ತಿಳಿದುಕೊಳ್ಳಿ. ಖಿನ್ನತೆಯ ಮಾತ್ರೆಗೆ ಆ ರೀತಿಯ ಚಟವಿಲ್ಲ. ಆದರೆ ದೇಹ ಅದಕ್ಕೆ ಹೊಂದಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಕೆಟ್ಟ ಕನಸು, ತಲೆಯೊಳಗೆ ವಿದ್ಯುತ್ ಹೊಡೆದಂಥ ಅನುಭವ ಬರಬಹುದು. ಆದ್ದರಿಂದ ವೈದ್ಯರು ಪ್ರಮಾಣವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸುತ್ತಾ ಬರುತ್ತಾರೆ.

ಪೂರ್ತಿ ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಲು ಸಾಮಾನ್ಯವಾಗಿ ಹೇಳುತ್ತಾರೆ. ಬೇಗ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಪದೇ ಪದೇ ಬರುವ ಖಿನ್ನತೆಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು.

ಧ್ಯಾನಕೂಟದಲ್ಲಿ ನನಗೆ ಗುಣವಾಯಿತು ಎನ್ನುವವರಿಗೆ ಏನು ಹೇಳಲಿ? ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸಿದ ಮೇಲೆ, ಹೋಗಿ ಯಾಜಕನಿಗೆ ತೋರಿಸಿಕೊಳ್ಳಲು ಆಜ್ಞಾಪಿಸುತ್ತಾರೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಗುಣವಾಯಿತೇ ಎಂದು ಪರೀಕ್ಷಿಸುವ ಅಧಿಕಾರ ಯಾಜಕನದಾಗಿತ್ತು. ಸ್ವಾಮಿಯೇ ಮಾಡಿದ ಅದ್ಭುತವೂ ಪರೀಕ್ಷೆಗೆ ಹಿಂಜರಿಯಲಿಲ್ಲ. ನೀವು ನಿಜವಾಗಿ ಗುಣವಾಗಿದ್ದರೆ ವೈದ್ಯರಿಗೂ ಅದು ಕಾಣುತ್ತದೆ. ಅವರೇ ಮಾತ್ರೆಯನ್ನು ಇಳಿಸುತ್ತಾರೆ.

ಮನೆಯವರ ಜವಾಬ್ದಾರಿ

ಮೊದಲ ಕೆಲವು ವಾರ, ಪ್ರಮಾಣ ಬದಲಿಸಿದಾಗ, ರೋಗಿಯನ್ನು ಒಂಟಿಯಾಗಿ ಬಿಡಬೇಡಿ. ಮನಸ್ಸು ಚೇತರಿಸುವ ಮುನ್ನವೇ ಮೈಗೆ ಚೈತನ್ಯ ಬರುವುದುಂಟು. 25 ವರ್ಷದೊಳಗಿನವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯಿದೆ. ಚಡಪಡಿಕೆ, ಸಾವಿನ ಮಾತು ಕಂಡರೆ ಅದೇ ದಿನ ವೈದ್ಯರನ್ನು ಕಾಣಿರಿ. ಮಾತ್ರೆಗಳು ಮನೆಯ ಒಬ್ಬರ ವಶದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇರಲಿ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಗುಂಪಿನ ಮಾತ್ರೆಗಳು ಮಿತಿಮೀರಿದರೆ ಹೃದಯಕ್ಕೇ ಅಪಾಯ. ವಯಸ್ಸಾದವರಲ್ಲಿ ಗೊಂದಲ, ಬೀಳುವಿಕೆ ಕಂಡರೆ ತಿಳಿಸಿ. ರಕ್ತದಲ್ಲಿ ಸೋಡಿಯಂ ಇಳಿದಿರಬಹುದು.

ವೈದ್ಯರು ದೂರವೆನ್ನುವವರು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಮಾತ್ರೆ ಮತ್ತೆ ಆರಂಭವಾಯಿತು. ಒಂದು ವರ್ಷಕ್ಕೂ ಮೀರಿ ಮುಂದುವರಿಯಿತು. ಕೊನೆಗೆ ವೈದ್ಯರೇ ಇಳಿಸುತ್ತಾ ನಿಲ್ಲಿಸಿದರು. ಆ ಭಾನುವಾರ ಅವರು ಬಂದು, “ಸ್ವಾಮಿ, ಡಾಕ್ಟರಿಗೆ ತೋರಿಸಿದೆ. ಅವರೂ ಗುಣವಾಗಿದೆ ಅಂದರು. ಈಗ ಒಂದು ಕೃತಜ್ಞತಾ ಪೂಜೆ ಇಟ್ಟುಕೊಡಿ” ಎಂದರು. ಆ ಪೂಜೆಯನ್ನು ಅರ್ಪಿಸಿದಾಗ ನಾನೂ ದೇವರಲ್ಲಿ ಕ್ಷಮೆ ಬೇಡಿದೆ.

ಕುಟುಂಬದಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ ಯಾರಾದರೂ ವೈದ್ಯರಿಗೆ ಹೇಳದೆ ಮಾತ್ರೆ ನಿಲ್ಲಿಸಿದ್ದಾರೆಯೇ? ಏಕೆ?

2. ಖಿನ್ನತೆಯಲ್ಲಿರುವವರಿಗೆ ನಾವು ಆಡುವ ಯಾವ ಮಾತು ನೋವು ತರುತ್ತದೆ? ಯಾವ ಮಾತು ಬಲ ಕೊಡುತ್ತದೆ?

3. ಈ ವಾರ ನಾವು ಭೇಟಿ ಮಾಡಬೇಕಾದವರು ನಮ್ಮ ನೆರೆಯಲ್ಲಿ ಯಾರಿದ್ದಾರೆ?