ಹಾಲೋ ಬಾಡಿ ಬೇಸ್ ಗಿಟಾರ್ ಮನೆಯಲ್ಲೇ ಕಟ್ಟಿ: ಗೆಲುವಿಗೆ ಹನ್ನೊಂದು ಸೂತ್ರಗಳು

"ನನಗೆ ಬಡಗಿ ಕೆಲಸ ಬರಲ್ಲ" ಎನ್ನುವ ಮಾತನ್ನು ಇವತ್ತಿಗೇ ಬಿಡಿ. ಅದೊಂದು ಚಟ, ಬಿಡಿಸಿಕೊಳ್ಳಬಹುದು. ಹಾಲೋ ಬಾಡಿ ಬೇಸ್ ಎಂದರೆ ಒಂದು ತೆಳು ಮರದ ಪೆಟ್ಟಿಗೆ, ಒಂದು ನೆಟ್ಟಗಿನ ನೆಕ್, ಕೈಬೆರಳೆಣಿಕೆಯ ವೈರುಗಳು. ಗ್ಯಾರೇಜಿನಲ್ಲೋ ತಾರಸಿಯ ಶೀಟಿನ ಕೆಳಗೋ ಒಂದು ಗಟ್ಟಿ ಮೇಜು ಹಾಕಿಕೊಂಡರೆ ಮೂರೂ ಆಗುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಎಡವಟ್ಟಾದರೆ ಮಾತ್ರ ಪಳಗಿದ ಕೈಯೂ ಸೋಲುತ್ತದೆ. ಹಾಗಾಗಿ ಹನ್ನೊಂದನ್ನೂ ಓದಿ ಮುಗಿಸಿಯೇ ಕೆಲಸಕ್ಕೆ ಇಳಿಯಿರಿ, ಕ್ರಮ ತಪ್ಪಿಸಬೇಡಿ.

1. ಒಂದು ಮಾದರಿ ಹಿಡಿಯಿರಿ, ಅದನ್ನೇ ಮುಗಿಸಿ

ಸ್ವಂತ ಡಿಸೈನ್ ಸದ್ಯಕ್ಕೆ ಬೇಡ. ಜಗತ್ತು ಒಪ್ಪಿಕೊಂಡ ಎರಡು ಮಾದರಿಗಳಿವೆ, ಅವುಗಳಲ್ಲಿ ಒಂದನ್ನು ಆರಿಸಿ. ಒಂದು, ಜರ್ಮನಿಯ ಹಾಫ್ನರ್ 500/1. ವಾಲ್ಟರ್ ಹಾಫ್ನರ್ 1955ರ ಸುಮಾರಿಗೆ ರೂಪಿಸಿದ ಇದು ಪಿಟೀಲಿನ ಆಕಾರದ್ದು, ಒಳಗೆ ಪೂರ್ತಿ ಟೊಳ್ಳು. ಪಿಟೀಲು ಮಾಡುತ್ತಿದ್ದ ಮನೆತನ ಬೇಸ್‌ಗೆ ಕೈಹಾಕಿದಾಗ ತನಗೆ ಗೊತ್ತಿದ್ದ ಆಕಾರವನ್ನೇ ಎತ್ತಿಕೊಂಡಿತು. ಎಡಗೈ ವಾದಕ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡದ್ದು ಅದನ್ನೇ. ಎರಡೂ ಬದಿ ಒಂದೇ ತೆರನಾಗಿದ್ದರಿಂದ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ. ಇನ್ನೊಂದು, ಅಮೆರಿಕದ ಗಿಬ್ಸನ್ ಇಬಿ-2. 1958ರಲ್ಲಿ ಬಂದ ಇದಕ್ಕೆ ಇಎಸ್-335 ಗಿಟಾರಿನದೇ ಒಡಲು, ಒಳಗೆ ನಡುವೆ ಉದ್ದಕ್ಕೂ ಗಟ್ಟಿ ಮರದ ದಿಮ್ಮಿ. ಮೊದಲ ಬಾರಿಗೆ ಕಟ್ಟುವವರಿಗೆ ನನ್ನ ಓಟು ಇಬಿ-2 ದಾರಿಗೆ.

2. ನಡುದಿಮ್ಮಿ ಹಾಕಿ

ಪೂರ್ತಿ ಟೊಳ್ಳಾದ ಒಡಲು ಮನೆಯಲ್ಲಿ ಬಾರಿಸಲು ಸೊಗಸು. ಸ್ಟೇಜ್ ಮೇಲೆ ಅದೇ ಕಾಟ. ಕಾರಣ ಸರಳ. ಗಿಟಾರ್ ಅಳತೆಯ ಪೆಟ್ಟಿಗೆಯೊಳಗಿನ ಗಾಳಿ ಸುಮಾರು 100 ಹರ್ಟ್ಜ್ ಆಸುಪಾಸಿನಲ್ಲಿ ತಾನಾಗಿ ಅನುರಣಿಸುತ್ತದೆ. ಬೇಸ್‌ನ ಬಿಡಿ ತಂತಿಗಳು ಇ 41, ಎ 55, ಡಿ 73, ಜಿ 98 ಹರ್ಟ್ಜ್‌ನಲ್ಲಿ ಮಿಡಿಯುತ್ತವೆ. ಅಂದರೆ ನಿಮ್ಮ ಸ್ವರಗಳೂ ಪೆಟ್ಟಿಗೆಯ ಸ್ವರವೂ ಒಂದೇ ಬೀದಿಯವು. ಆಂಪ್‌ನ ಸದ್ದು ಪೆಟ್ಟಿಗೆಯನ್ನು ಅಲುಗಿಸುತ್ತದೆ, ಪೆಟ್ಟಿಗೆ ತಂತಿಯನ್ನು ಅಲುಗಿಸುತ್ತದೆ, ಅದು ಮತ್ತೆ ಆಂಪ್‌ಗೆ ಹೋಗುತ್ತದೆ. ಫೀಡ್‌ಬ್ಯಾಕ್ ಊಳಿಡುವುದು ಹೀಗೆ. ನೆಕ್‌ನ ಬುಡದಿಂದ ಹಿಂಬದಿಯ ತುದಿವರೆಗೆ ಸುಮಾರು 100 ಮಿ.ಮೀ. ಅಗಲದ ದಿಮ್ಮಿ ಕೂರಿಸಿದರೆ ಮೇಲ್ಹಲಗೆ ಅಷ್ಟು ಸುಲಭವಾಗಿ ಕುಣಿಯುವುದಿಲ್ಲ. ಬ್ರಿಜ್‌ಗೆ ಗಟ್ಟಿ ನೆಲೆಯೂ ಸಿಕ್ಕಂತಾಯಿತು.

3. ಲೆಕ್ಕ ಮೊದಲು, ಗರಗಸ ಆಮೇಲೆ

ಸ್ಕೇಲ್ ಎಂದರೆ ನಟ್‌ನಿಂದ ಬ್ರಿಜ್‌ವರೆಗೆ ತಂತಿ ಮಿಡಿಯುವ ಉದ್ದ. ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನದು 34 ಇಂಚು. ಇಬಿ-2ರದು 30.5 ಇಂಚು, ಅಂದರೆ 774.7 ಮಿ.ಮೀ. ಹಾಲೋ ಬಾಡಿಗೆ ಈ ಶಾರ್ಟ್ ಸ್ಕೇಲ್ ಒಪ್ಪುತ್ತದೆ. ನೆಕ್ ಗಿಡ್ಡ, ಭಾರ ಕಡಿಮೆ, ಸಣ್ಣ ಕೈಗೂ ಆರಾಮ.

ಈಗ ಫ್ರೆಟ್ ಲೆಕ್ಕ. 774.7 ಅನ್ನು 17.817ರಿಂದ ಭಾಗಿಸಿ. ಬಂದ 43.48 ಮಿ.ಮೀ. ಮೊದಲ ಫ್ರೆಟ್‌ನ ಜಾಗ. ಉಳಿದ 731.22 ಅನ್ನು ಮತ್ತೆ 17.817ರಿಂದ ಭಾಗಿಸಿ, 41.04 ಬಂತು. ಅದನ್ನು ಕೂಡಿದರೆ ಎರಡನೇ ಫ್ರೆಟ್ ನಟ್‌ನಿಂದ 84.52ರಲ್ಲಿ. ಹೀಗೇ ಇಪ್ಪತ್ತರವರೆಗೆ ಹೋಗಿ. ಹನ್ನೆರಡನೆಯದು 387.35ಕ್ಕೆ, ಸರಿಯಾಗಿ ಅರ್ಧಕ್ಕೆ, ಬೀಳಬೇಕು. ಬೀಳದಿದ್ದರೆ ಎಲ್ಲೋ ತಪ್ಪಿದ್ದೀರಿ. ಎಕ್ಸೆಲ್ ಶೀಟಿಗೆ ಹಾಕಿದರೆ ಎರಡು ನಿಮಿಷದ ಕೆಲಸ.

ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ ಕಾಲು ಮಿ.ಮೀ. ತಪ್ಪು ಇಪ್ಪತ್ತು ಸಲ ಸೇರಿ 5 ಮಿ.ಮೀ. ಆಗುತ್ತದೆ. ಬಾಗಿಲ ಚೌಕಟ್ಟಿಗೆ ಬಡಗಿಗಳು ಹಿಡಿಯುವ ನೂಲಿನ ಲೆಕ್ಕ ಇಲ್ಲಿ ನಡೆಯದು. ಸ್ಟೀಲ್ ಸ್ಕೇಲ್, ಚೂಪಾದ ಚಾಕು, ಸುಮಾರು 0.6 ಮಿ.ಮೀ. ಸೀಳುವ ಫ್ರೆಟ್ ಗರಗಸ ಕೊಳ್ಳಿ. ಕಾಸು ಉಳಿಸುವ ಜಾಗ ಇದಲ್ಲ.

4. ಬಿಲ್ ಇರುವ, ಒಣಗಿದ ಮರ ತನ್ನಿ

ಜಗತ್ತಿನ ಎಷ್ಟೋ ಗಿಟಾರ್ ಕಾರ್ಖಾನೆಗಳ ಫಿಂಗರ್‌ಬೋರ್ಡ್ ನಮ್ಮ ಪಶ್ಚಿಮ ಘಟ್ಟದ ಬೀಟೆ ಜಾತಿಯದು. ವಿದೇಶದವರು ತರಿಸಿಕೊಳ್ಳುವ ಮರ ನಿಮ್ಮ ಊರಿನಲ್ಲೇ ಸಿಗುತ್ತದೆ, ಈ ಅನುಕೂಲ ಬಿಡಬೇಡಿ. ಆದರೆ ಬೀಟೆ ಕಾನೂನಿನ ಕಣ್ಗಾವಲಿನ ಮರ. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ನಿಯಮಗಳಿವೆ. ಪರವಾನಗಿ ಇರುವ ಡಿಪೋ ಅಥವಾ ಸಾಮಿಲ್‌ನಲ್ಲೇ ಕೊಳ್ಳಿ, ಬಿಲ್ ಜೋಪಾನ ಮಾಡಿ. 560 ಮಿ.ಮೀ. ಉದ್ದ, 70 ಅಗಲ, 8 ದಪ್ಪದ ತುಂಡು ಸಾಕು. ಪೀಠೋಪಕರಣದ ಕಾರ್ಖಾನೆಯಲ್ಲಿ ಉಳಿಕೆ ತುಂಡು ಕೇಳಿ ನೋಡಿ.

ನಡುದಿಮ್ಮಿಗೆ ಹಲಸು ಧಾರಾಳವಾಗಿ ನಡೆಯುತ್ತದೆ. ವೀಣೆಯ ಕೊಡ ಕೊರೆಯುವುದೇ ಅದರಲ್ಲಿ. ಮೇಲಿನ ಮತ್ತು ಹಿಂದಿನ ಹಲಗೆಗೆ ಒಳ್ಳೆಯ ಪ್ಲೈವುಡ್ ಹಾಕಲು ನಾಚಿಕೆ ಬೇಡ. ಇಎಸ್-335ರ ಮೇಲ್ಹಲಗೆಯೂ ಪದರ ಪದರವಾಗಿ ಅಂಟಿಸಿದ್ದೇ. ಪದರದ ಹಲಗೆ ಮಳೆಗಾಲದಲ್ಲಿ ಕಡಿಮೆ ಸೊಟ್ಟಗಾಗುತ್ತದೆ, ಫೀಡ್‌ಬ್ಯಾಕ್‌ಗೂ ಕಡಿಮೆ ಬಗ್ಗುತ್ತದೆ. ನೆಕ್‌ಗೆ ಮಾತ್ರ ಎಳೆ ನೇರವಾಗಿರುವ, ಚೆನ್ನಾಗಿ ಒಣಗಿದ ಮರವೇ ಬೇಕು. ಬೀಟೆ ಉಜ್ಜುವಾಗ ಮಾಸ್ಕ್ ಕಡ್ಡಾಯ. ಅದರ ಧೂಳು ಹಲವರಿಗೆ ಅಲರ್ಜಿ ತರುತ್ತದೆ.

5. ಮರವನ್ನು ಬಿಸಿಯಿಂದ ಒಪ್ಪಿಸಿ

ಬದಿಯ ಪಟ್ಟಿಗಳನ್ನು 2 ಮಿ.ಮೀ.ಗೆ ಇಳಿಸಿ. ದಪ್ಪ ಕಬ್ಬಿಣದ ಪೈಪಿನ ತುಂಡೊಂದನ್ನು ವೈಸ್‌ನಲ್ಲಿ ಬಿಗಿದು ಒಳಗಿನಿಂದ ಬ್ಲೋ ಟಾರ್ಚ್‌ನ ಉರಿ ಹಿಡಿಯಿರಿ. ನೀರಿನ ಹನಿ ಚಿಮುಕಿಸಿದರೆ ಚುಂಯ್ ಎಂದು ಜಿಗಿಯಬೇಕು, ಅಷ್ಟು ಕಾವು ಸಾಕು. ಒದ್ದೆ ಮಾಡಿದ ಪಟ್ಟಿಯನ್ನು ಪೈಪಿನ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಹಗುರವಾಗಿ ಒತ್ತಿ. ಮೊದಲು ಮರ ಬಿಗಿಯಾಗಿಯೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಅಂಗೈಯಡಿ ಅದು ಸಡಿಲಗೊಳ್ಳುವುದು ಗೊತ್ತಾಗುತ್ತದೆ. ಬಾಗಿಸುವುದು ಆಗ. ಅದಕ್ಕೂ ಮೊದಲು ಬಲ ಹಾಕಿದರೆ ಲಟಕ್ ಎನ್ನುತ್ತದೆ. ನಾಲ್ಕು ಪಟ್ಟಿ ಹೆಚ್ಚಿಗೆ ಸೀಳಿಟ್ಟುಕೊಳ್ಳಿ, ಭಯ ತಾನಾಗಿ ಹೋಗುತ್ತದೆ.

ಬಾಗಿದ ಪಟ್ಟಿಯನ್ನು ಎಂಡಿಎಫ್ ಅಚ್ಚಿನೊಳಗೆ ಬಿಗಿದು ರಾತ್ರಿಯಿಡೀ ಬಿಡಿ. ಒಳ ಅಂಚಿಗೆ, ಹಲಗೆಗೆ ಆಸರೆಯಾಗುವ ಲೈನಿಂಗ್ ಪಟ್ಟಿ ಅಂಟಿಸಲು ದುಬಾರಿ ಕ್ಲ್ಯಾಂಪ್ ಯಾಕೆ? ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಒತ್ತೊತ್ತಾಗಿ ಹಾಕಿ. ಹಲಗೆ ಕೂರಿಸುವಾಗ (6 ಮತ್ತು 8ನೇ ಸೂತ್ರ ಓದಿದ ಮೇಲೆ) ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಸುತ್ತಿ. ಸುತ್ತಲೂ ಒಂದೇ ಒತ್ತಡ ಬೀಳುತ್ತದೆ.

6. ಅಂಟು ಹಚ್ಚುವ ಮುಂಚೆ ಒಮ್ಮೆ ರಿಹರ್ಸಲ್ ಮಾಡಿ

ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ, ಎಲ್ಲ ಕ್ಲ್ಯಾಂಪ್ ಬಿಗಿಯಿರಿ, ಬಿಚ್ಚಿ. ಆಮೇಲೆ ಅಂಟು. ಸಾಮಾನ್ಯ ಬಿಳಿ ಗೋಂದು ಸತತ ಎಳೆತದಲ್ಲಿ ನಿಧಾನಕ್ಕೆ ಜಾರುತ್ತದೆ. ನೆಕ್‌ನ ಕೀಲಿಗೆ ಅದು ಬೇಡ.

7. ನೆಕ್‌ಗೆ ಟ್ರಸ್ ರಾಡ್, ಒಡಲಿಗೆ ಮಧ್ಯರೇಖೆ

ಶ್ರುತಿಗೆ ಬಂದ ನಾಲ್ಕು ತಂತಿಗಳು ಒಟ್ಟು 50ರಿಂದ 70 ಕೆಜಿ ಬಲದಲ್ಲಿ ನೆಕ್ಕನ್ನು ಎಳೆಯುತ್ತವೆ. ಒಬ್ಬ ವಯಸ್ಕ ಜೋತುಬಿದ್ದಷ್ಟು. ನೆಕ್ಕಿನೊಳಗೆ ಅದರ ಬಾಗು ಹೊಂದಿಸುವ ಕಡ್ಡಿ, ಅಂದರೆ ಎರಡೂ ಕಡೆ ತಿರುಗುವ ಟ್ರಸ್ ರಾಡ್ ಹಾಕಿ, ಅದರ ತಲೆಗೆ ಅಲೆನ್ ಕೀ ತಲುಪುವ ಜಾಗ ಬಿಡಿ.

ಬ್ರಿಜ್ ಎಷ್ಟು ಎತ್ತರ ಎಂದು ತಿಳಿಯದೆ ನೆಕ್‌ನ ಕೋನ ನಿರ್ಧರಿಸಬೇಡಿ. ಬ್ರಿಜ್ ಕೈಗೆ ಬರಲಿ, ಪಕ್ಕದಿಂದ ಕಾಣುವ ಚಿತ್ರವನ್ನು ನಿಜ ಅಳತೆಯಲ್ಲೇ ಕಾಗದದ ಮೇಲೆ ಬಿಡಿಸಿ, ತಂತಿಯ ಗೆರೆ ಎಳೆಯಿರಿ. ಕೋನ ಆ ಗೆರೆಯೇ ಹೇಳುತ್ತದೆ. ನೆಕ್ ಕೂರಿಸುವ ಮುನ್ನ ನಟ್‌ನ ಎರಡು ಅಂಚಿನಿಂದ ಬ್ರಿಜ್‌ವರೆಗೆ ದಾರ ಎಳೆದು ನೋಡಿ. ಫಿಂಗರ್‌ಬೋರ್ಡ್‌ನ ಎರಡೂ ಕಡೆ ಒಂದೇ ಅಂತರ ಉಳಿಯಬೇಕು. ಉಳಿದರೆ ನೆಕ್ ಒಡಲಿನ ಮಧ್ಯರೇಖೆಯಲ್ಲಿದೆ ಎಂದರ್ಥ.

8. ಪೆಟ್ಟಿಗೆ ಮುಚ್ಚುವ ಮುನ್ನ ವೈರಿಂಗ್ ಯೋಚಿಸಿ

ಬಹುತೇಕರು ಬೆವರುವುದು ಇಲ್ಲಿ. ಸಾಲಿಡ್ ಬಾಡಿಗೆ ಹಿಂದೆಯೋ ಮುಂದೆಯೋ ಮುಚ್ಚಳ ಇರುತ್ತದೆ. ಇಬಿ-2 ಥರದ ಹಾಲೋ ಬಾಡಿಗೆ ಇರುವುದು ಎಫ್ ಆಕಾರದ ಕಂಡಿ ಅಷ್ಟೇ. ಆದ್ದರಿಂದ ಹಲಗೆ ಅಂಟಿಸುವ ಮುಂಚೆ ನಾಬ್ ಕೂರುವ ಪಾಟ್ (ಪೊಟೆನ್ಷಿಯೊಮೀಟರ್) ಕಂಡಿಯಲ್ಲಿ ತೂರುತ್ತದೆಯೇ ನೋಡಿ. ಪಿಕಪ್‌ನಿಂದ ಕಂಟ್ರೋಲ್‌ಗಳ ಕಡೆಗೆ ದಿಮ್ಮಿಯಲ್ಲಿ ದಾರಿ ಕೊರೆಯಿರಿ. ಬ್ರಿಜ್‌ಗೆ ಅರ್ತ್ ವೈರಿನ ರಂಧ್ರ ಈಗಲೇ ಹಾಕಿ. ಆಮೇಲೆ ನೆನಪಾದರೆ ಆಂಪ್‌ನಲ್ಲಿ ಹಮ್ ಕೇಳುತ್ತಾ ಕೂರಬೇಕು.

ವೈರಿಂಗ್ ಹೊರಗೇ ಮಾಡಿ. ನಾಬ್‌ಗಳ ರಂಧ್ರಗಳನ್ನು ರಟ್ಟಿನ ಮೇಲೆ ಅದೇ ಅಂತರಕ್ಕೆ ಕೊರೆದು, ವಾಲ್ಯೂಮ್ ಪಾಟ್, ಟೋನ್ ಪಾಟ್, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಜ್ಯಾಕ್ ಎಲ್ಲವನ್ನೂ ಅದರಲ್ಲೇ ಕೂರಿಸಿ ಬೆಸುಗೆ ಹಾಕಿ. ಆಂಪ್‌ಗೆ ಸಿಕ್ಕಿಸಿ ಪರೀಕ್ಷಿಸಿ. ಪಾಲಿಶ್ ಮುಗಿದು ಒಣಗಿದ ನಂತರ ಅಕ್ವೇರಿಯಂನ ಸಣ್ಣ ಪ್ಲಾಸ್ಟಿಕ್ ಟ್ಯೂಬನ್ನು ನಾಬ್‌ನ ರಂಧ್ರದಿಂದ ಒಳಗೆ ಇಳಿಸಿ ಎಫ್ ಕಂಡಿಯಿಂದ ಹೊರಗೆ ಎಳೆಯಿರಿ, ಪಾಟ್‌ನ ಕಡ್ಡಿಗೆ ಸಿಕ್ಕಿಸಿ, ಮೆಲ್ಲಗೆ ವಾಪಸ್ ಜಗ್ಗಿ. ಕಡ್ಡಿ ರಂಧ್ರದಲ್ಲಿ ತಲೆ ಹಾಕಿದ ಕೂಡಲೇ ಪಾಟ್‌ನ ನಟ್ ಬಿಗಿಯಿರಿ. ಕೊನೆಯದು ಜ್ಯಾಕ್.

9. ತಲೆಭಾರ ತಪ್ಪಿಸಿ

ಒಡಲು ಹಗುರ, ಬೇಸ್‌ನ ಟ್ಯೂನರ್‌ಗಳು ಭಾರ. ಕೈಬಿಟ್ಟರೆ ನೆಕ್ ನೆಲ ನೋಡುತ್ತದೆ. ಹಗುರ ಟ್ಯೂನರ್ ಕೊಳ್ಳಿ, ಸ್ಟ್ರ್ಯಾಪ್ ಬಟನ್ ಆದಷ್ಟು ಹನ್ನೆರಡನೇ ಫ್ರೆಟ್ ಕಡೆಗೆ ಬರುವಂತೆ ನೋಡಿಕೊಳ್ಳಿ.

10. ಮಳೆ ಬಿಟ್ಟ ಮೇಲೆ ಪಾಲಿಶ್

ತೇವದ ಹವೆಯಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ಒಣ ಹವೆಗೆ ಕಾಯಿರಿ. ತೆಳುವಾಗಿ ಹಲವು ಕೋಟ್ ಹಾಕಿ. ಫಿಂಗರ್‌ಬೋರ್ಡ್‌ಗೆ ಎಣ್ಣೆ ಸಾಕು.

11. ಸೆಟಪ್ ಕ್ರಮ ಬದಲಿಸಬೇಡಿ

ಮೊದಲು ನೆಕ್‌ನ ಬಾಗು, ಆಮೇಲೆ ತಂತಿಯ ಎತ್ತರ, ಕೊನೆಗೆ ಇಂಟೊನೇಷನ್, ಅಂದರೆ ಫ್ರೆಟ್ ಒತ್ತಿದ ಸ್ವರ ಶ್ರುತಿಗೆ ಬರುವಂತೆ ಬ್ರಿಜ್‌ನ ಸ್ಯಾಡಲ್ ಸರಿಸುವುದು. ಮೊದಲನೆಯದು ಬದಲಾದರೆ ಉಳಿದೆರಡೂ ಬದಲಾಗುತ್ತವೆ, ಅದಕ್ಕೇ ಈ ಕ್ರಮ. ಇ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಏಳೆಂಟನೇ ಫ್ರೆಟ್ ಬಳಿ 0.3 ಮಿ.ಮೀ.ನಷ್ಟು ಸಂದು ಇರಲಿ. ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯ ಎತ್ತರ 2ರಿಂದ 2.5 ಮಿ.ಮೀ. ಇಟ್ಟು ಶುರು ಮಾಡಿ. ಹೊಸ ತಂತಿ ಹಾಕಿಯೇ ಇಂಟೊನೇಷನ್ ನೋಡಿ. ಹನ್ನೆರಡರಲ್ಲಿ ಒತ್ತಿದ ಸ್ವರ ಎಲೆಕ್ಟ್ರಾನಿಕ್ ಟ್ಯೂನರ್‌ನಲ್ಲಿ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಇ ತಂತಿಯ ಸ್ಯಾಡಲ್ ಲೆಕ್ಕದ ಉದ್ದಕ್ಕಿಂತ ಕೆಲವು ಮಿ.ಮೀ. ಹಿಂದೆ ಹೋಗಿ ನಿಲ್ಲುವುದು ಮಾಮೂಲು, ಗಾಬರಿಯಾಗಬೇಡಿ. ದಪ್ಪ ತಂತಿಗೆ ಅಷ್ಟು ಬೇಕು. ಒಂದು ವಾರ ಬಾರಿಸಿ. ಹೊಸ ನೆಕ್ ಎಳೆತಕ್ಕೆ ಹೊಂದಿಕೊಂಡ ಮೇಲೆ ಮೂರನ್ನೂ ಇದೇ ಕ್ರಮದಲ್ಲಿ ಇನ್ನೊಮ್ಮೆ ಮಾಡಿ.