ಹಳುವಿನ ಹಂದಿಗೆ ಕುಳ್ಳ ಗಾಳಿಕೋವಿ ತಕ್ಕದ್ದೇ?



ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿ ಗದ್ದೆಗಿಳಿಯುವುದು ಆಲ್ದೂರು ಹೋಬಳಿಯಲ್ಲಿ ಹೊಸತೇನಲ್ಲ. ಒಂದು ರಾತ್ರಿ ನುಗ್ಗಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಹಗಲಲ್ಲಿ ಅದು ತೋಟದ ಅಂಚಿನ ಲಂಟಾನದ ಹಳುವಿನಲ್ಲಿ ಮಲಗಿರುತ್ತದೆ. ಉದ್ದ ನಳಿಗೆಯ ಕೋವಿ ಅಲ್ಲಿ ಬಳ್ಳಿಗೆ ಸಿಕ್ಕುತ್ತದೆ, ಕಾಫಿ ರೆಂಬೆಗೆ ತಾಗುತ್ತದೆ. ಆದ್ದರಿಂದ ದೊಡ್ಡ ಬೋರಿನ ಕುಳ್ಳ ಗಾಳಿಕೋವಿ ಕೊಂಡರೆ ಹೇಗೆ, ಅದಕ್ಕೆ ಲೈಸೆನ್ಸೂ ಬೇಡವಂತಲ್ಲ, ಎಂದು ಕೆಲವರು ಕೇಳುವುದುಂಟು.

ಲೈಸೆನ್ಸ್ ಬೇಡವೆಂಬುದು ತಪ್ಪು. 2016ರ ಆಯುಧ ನಿಯಮಗಳ ಪ್ರಕಾರ ಬೋರು 4.5 ಮಿಲಿಮೀಟರನ್ನಾಗಲಿ, ಗುಂಡಿನ ಶಕ್ತಿ 20 ಜೌಲನ್ನಾಗಲಿ ಮೀರಿದರೆ ಗಾಳಿಕೋವಿಗೂ ಲೈಸೆನ್ಸ್ ಬೇಕು. ಲೈಸೆನ್ಸಿಲ್ಲದೆ ಅಂಗಡಿಯಲ್ಲಿ ಸಿಗುವುದು ಈ ಮಿತಿಯೊಳಗಿನದು. ಡಬ್ಬಿಗೆ ಗುರಿಯಿಟ್ಟು ಕಲಿಯಲು ಅದು ಸರಿ. ಹಂದಿಯನ್ನು ಗಾಯಗೊಳಿಸಿ ಕೆರಳಿಸುವುದಕ್ಕಿಂತ ಹೆಚ್ಚೇನೂ ಅದರಿಂದ ಆಗದು. ಸುಮಾರು 11.5 ಮಿಲಿಮೀಟರ್ ಬೋರಿನ ದೊಡ್ಡ ಗಾಳಿಕೋವಿಯ ಗುಂಡಿಗೆ ಕೆಲವು ನೂರು ಜೌಲ್ ಶಕ್ತಿ ಇರುತ್ತದೆ. 12 ಬೋರಿನ ತೋಟಾದ್ದು ಎರಡು ಸಾವಿರ ದಾಟುತ್ತದೆ.

ಹಾಗೆಂದು ಗಾಳಿಯ ಬಲವನ್ನು ಹಗುರವಾಗಿ ಕಾಣಬೇಕಿಲ್ಲ. 1780ರ ಸುಮಾರಿನಲ್ಲೇ ಆಸ್ಟ್ರಿಯಾದ ಸೈನ್ಯಕ್ಕೆ ಜಿರಾರ್ಡೋನಿ ಎಂಬಾತ ರಚಿಸಿದ ಗಾಳಿಕೋವಿ ಬಂದಿತ್ತು. ಹೆಗಲಿಗೆ ಕೊಡುವ ಹಿಡಿಯೇ ಅದರಲ್ಲಿ ಗಾಳಿ ತುಂಬುವ ಪಾತ್ರೆ. ಇಂದಿನವುಗಳಲ್ಲಿ 200ರಿಂದ 300 ಬಾರ್ ಒತ್ತಡದ ಗಾಳಿ ಇರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರಿನಷ್ಟು, ಹೋಲಿಸಿ ನೋಡಿರಿ. ದೊಡ್ಡ ಬೋರು ಒಂದೊಂದು ಗುಂಡಿಗೂ ಬಹಳ ಗಾಳಿ ತಿನ್ನುತ್ತದೆ. ಕೆಲವೇ ಗುಂಡುಗಳಾದ ಮೇಲೆ ಒತ್ತಡ ಇಳಿದು, ಅದೇ ಗುರಿಯಿಟ್ಟರೂ ಗುಂಡು ಕೆಳಗೆ ಬೀಳುತ್ತದೆ. ನಮ್ಮ ಮಳೆಗಾಲದಲ್ಲಿ ಕೈಪಂಪಿನ ಗಾಳಿಯೊಡನೆ ತೇವವೂ ಒಳಗೆ ಸೇರಿ ತುಕ್ಕು ಹಿಡಿಸುತ್ತದೆ. ಇನ್ನೊಂದು ಮಾತು: ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ನನ್ನು ಎಂದಿಗೂ ತುಂಬಿಸಕೂಡದು. ಒಳಗಿನ ಎಣ್ಣೆಯ ಪಸೆಗೆ ಆಕ್ಸಿಜನ್ ಕೂಡಿದರೆ ಕೋವಿ ಕೈಯಲ್ಲೇ ಸಿಡಿಯಬಹುದು.

ಇನ್ನು ಕುಳ್ಳತನದ ವಿಚಾರ. ಬುಲ್‌ಪಪ್ ಎನ್ನುವ ಮಾದರಿಯಲ್ಲಿ ಟ್ರಿಗರನ್ನು ಮುಂದಕ್ಕೆ ತಂದು ಯಂತ್ರಭಾಗವನ್ನು ಕೆನ್ನೆಯ ಕೆಳಗೆ ಇಟ್ಟಿರುತ್ತಾರೆ. ನಳಿಗೆ ಮೋಟಾಗದೆಯೇ ಒಟ್ಟು ಉದ್ದ ಕಡಿಮೆಯಾಗುತ್ತದೆ. ಹೊರಲು ಸುಖ, ಗಿಡಗಳ ನಡುವೆ ತಿರುಗಿಸಲೂ ಸುಲಭ. ಆದರೆ ದುರ್ಬೀನು ನಳಿಗೆಗಿಂತ ಎರಡು ಮೂರು ಅಂಗುಲ ಮೇಲೆ ಕೂತಿರುತ್ತದೆ. ಕಣ್ಣಿಗೆ ದಾರಿ ತೆರವಾಗಿ ಕಂಡರೂ ನಳಿಗೆಯ ಮುಂದೆ ಕಡ್ಡಿ ಅಡ್ಡವಿರಬಹುದು. ದಪ್ಪ ಗುಂಡು ಕಡ್ಡಿ ಮುರಿದುಕೊಂಡು ನೇರ ಹೋಗುತ್ತದೆ ಎಂಬ ನಂಬಿಕೆ ಶಿಕಾರಿಯವರಲ್ಲಿ ಹಳೆಯದು. ಅದು ನಿಜವಲ್ಲ. ಕಡ್ಡಿಗೆ ತಾಗಿದ ಯಾವ ಗುಂಡೂ ಓರೆಯಾಗುತ್ತದೆ, ಮತ್ತು ಕಡ್ಡಿ ಕೋವಿಗೆ ಹತ್ತಿರವಿದ್ದಷ್ಟೂ ಗುರಿ ಹೆಚ್ಚು ತಪ್ಪುತ್ತದೆ. ನಳಿಗೆಯ ತುದಿ ಮೈಗೆ ಹತ್ತಿರವಿರುವುದರಿಂದ, ಎಡವಿದಾಗ ಅದು ಸ್ವಂತ ಕಾಲಿಗೋ ಪಕ್ಕದವನಿಗೋ ತಿರುಗುವುದೂ ಬೇಗ.

ಮನೆಯ ಕೋವಿಯನ್ನೇ ಕುಯ್ದು ಮೋಟು ಮಾಡಿದರಾಯಿತು ಎನ್ನುವವರಿದ್ದಾರೆ. ಪರವಾನಗಿಯಿಲ್ಲದೆ ನಳಿಗೆ ಕುಯ್ಯುವುದು 1959ರ ಆಯುಧ ಕಾಯಿದೆಯ 6ನೆಯ ಕಲಮಿನಲ್ಲಿ ಅಪರಾಧ. ಬೆಳೆ ರಕ್ಷಣೆಗೆಂದು ಆ ಕಾಯಿದೆಯ 13ನೆಯ ಕಲಮು ಹೇಳುವುದು ಮುಂದಿನಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ನುಣುಪು ನಳಿಗೆಯ ಬೇರೆ ಕೋವಿಯನ್ನು. ಕುಳ್ಳ ಗಾಳಿ ರೈಫಲ್ಲಿಗೆ ಆ ಲೆಕ್ಕದಲ್ಲಿ ಎಡೆಯಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ನಮ್ಮ ಜಿಲ್ಲೆಯವರು ನೆಚ್ಚಿಕೊಳ್ಳುವಂತಿಲ್ಲ.

ಲೈಸೆನ್ಸ್ ಸಿಕ್ಕಿತೆಂದರೆ ಹೊಡೆಯಲು ಅಪ್ಪಣೆ ಸಿಕ್ಕಿತೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆ ನಿಷಿದ್ಧ. ಹೊಡೆಯಲು ಯತ್ನಿಸುವುದೂ ಬೇಟೆಯೇ, ಕೋವಿ ಗಾಳಿಯದಾದರೂ ಅಷ್ಟೆ. ನಿಂತ ಬೆಳೆಗೆ ಹಂದಿ ಅಪಾಯಕಾರಿಯಾದರೆ 11ನೆಯ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಇಲ್ಲವೆ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಲಿಖಿತ ಅಪ್ಪಣೆ ಕೊಡಬಹುದು. ಬಾಯಿಮಾತಿನ ಒಪ್ಪಿಗೆ ನೆಚ್ಚಬೇಡಿರಿ.

ಆ ಅಪ್ಪಣೆ ಕೈಯಲ್ಲಿದ್ದರೂ ಹಳುವಿನೊಳಗೆ ನುಗ್ಗುವುದು ನಮ್ಮ ಸೀಮೆಗೆ ಹೊಂದದು. ಅಲ್ಲಿ ಸದ್ದು ಮಾಡಿದ್ದು ಹಂದಿಯೇ ಆಗಬೇಕೆಂದಿಲ್ಲ. ಕಾಟಿ ಇರಬಹುದು, ತೋಟದೊಳಗೆ ಹಗಲಲ್ಲೇ ನಿಲ್ಲುವ ಆನೆ ಇರಬಹುದು. ಕಟ್ಟಿಗೆಗೆ ಬಂದ ಹೆಂಗಸು, ಸೋವಲು ಹೋದ ಜೊತೆಗಾರನೂ ಇರಬಹುದು. ಹಂದಿಯೆಂದು ಮನುಷ್ಯನಿಗೆ ಹೊಡೆದ ಸುದ್ದಿಯನ್ನು ಮಲೆನಾಡಿನವರು ಮತ್ತೆ ಮತ್ತೆ ಓದಿದ್ದಾರೆ. ಕೋವಿ ಕುಳ್ಳಾದರೆ ಎಲೆಯ ಮರೆ ತೆಳುವಾಗುವುದಿಲ್ಲ. ಹಂದಿ ತಾನಾಗಿ ಬಯಲಿಗೆ ಬರುವ ಗದ್ದೆಯಂಚಿನಲ್ಲಿ ಎತ್ತರದ ಅಟ್ಟಣೆ ಕಟ್ಟಿ ಕಾಯುವುದು ಲೇಸು. ಅಲ್ಲಿ ಗುಂಡು ನೆಲಕ್ಕೆ ಇಳಿಯುತ್ತದೆ, ಹಿಂದೇನಿದೆಯೆಂದು ಕಾಣುತ್ತದೆ, ಕೋವಿ ಎಷ್ಟುದ್ದವಿದ್ದರೂ ತೊಡಕಿಲ್ಲ.

ಬೆಳೆ ಹಾಳಾದವರು ಗದ್ದೆಯನ್ನು ಸರಿಪಡಿಸುವ ಮುನ್ನವೇ ಫೋಟೋ ತೆಗೆಸಿ, ಪಹಣಿಯೊಡನೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಪರಿಹಾರದ ಅರ್ಜಿ ಕೊಡತಕ್ಕದ್ದು. ಹಂದಿಯ ಹೆಜ್ಜೆ ಮಳೆಗೆ ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ.